ಬೆನ್ನಗಾಳಿ

ಸಂಜೆ ಏಳಾದರೂ ಸಖೀರಿನ ಡಾಂಬರು ನಲವತ್ತಾರು ಡಿಗ್ರಿ.
ಮೊಣಕಾಲೂರಿ
ಕಾರಿನ ಹಿಂದಿನ ರೆಕ್ಕೆಗೆ ನೂಲಿನ ಎಳೆ ಅಂಟಿಸುತ್ತಿದ್ದೇನೆ.
ಬೆರಳುದ್ದ, ಹಳದಿ, ಒಟ್ಟು ನೂರಾ ಹನ್ನೆರಡು.
ಗಾಳಿ ಕಾಣುವುದಿಲ್ಲ, ನೂಲು ಕಾಣುತ್ತದೆ.
ಮೈಗಂಟಿ ಮಲಗಿದರೆ ಗಾಳಿ ಸರಿಯಾಗಿ ಹರಿದಿದೆ,
ಎದ್ದು ಒದ್ದಾಡಿದರೆ
ಅಲ್ಲೆಲ್ಲೋ ಕಿತ್ತುಕೊಂಡು ಹೋಗಿದೆ.

ರೆಕ್ಕೆ ಹೌದು, ಹಾರಲಿಕ್ಕಲ್ಲ.
ವಿಮಾನದ್ದನ್ನು ಮಗುಚಿ ಹಾಕಿದ ಹಾಗೆ.
ಗಂಟೆಗೆ ಇನ್ನೂರೈವತ್ತರಲ್ಲಿ
ಎಂಟುನೂರು ಕಿಲೋ ಗಾಳಿ ಈ ಕಾರಿನ ಮೇಲೆ ಕೂರುತ್ತದೆಂದು
ಒರ್ನೆಲ್ಲಾ ಪರದೆ ತಿರುಗಿಸಿ ತೋರಿಸಿದಳು.
ಹದಿನಾರು ಮೂಟೆ ಅಕ್ಕಿ, ನಾನು ಲೆಕ್ಕ ಹಾಕಿದೆ.
ಹೊತ್ತು ತಂದವರಿಲ್ಲ, ಇಳಿಸುವವರಿಲ್ಲ,
ಬ್ರೇಕ್ ಒತ್ತುತ್ತಿದ್ದಂತೆ ಒಂದೊಂದಾಗಿ ಮಾಯ.

ಹೊಟ್ಟೆಯಡಿ ಎರಡು ಸುರಂಗ.
ನುಗ್ಗಿದ ಗಾಳಿ ಇಕ್ಕಟ್ಟಿನಲ್ಲಿ ಓಡಿ, ಓಡಿದ್ದಕ್ಕೇ ತೆಳುವಾಗಿ,
ಹಿಂದೆ ಬಾಯಿ ಅಗಲವಾದಲ್ಲಿ ಉಸಿರು ಬಿಡುತ್ತದೆ.
ಅಷ್ಟರಲ್ಲಿ ಕಾರನ್ನು ನೆಲ ಹೀರಿರುತ್ತದೆ,
ಇಳಿತದ ಹೊತ್ತು ಬಂಡೆ ಕಚ್ಚಿದ ಚಿಪ್ಪಿನಂತೆ.
ನಡುವೆ ನಿಲ್ಲಿಸಿದ ಬೆಂಕಿಪೆಟ್ಟಿಗೆ ಹಿಡಿಯುವಷ್ಟು ಸಂದು.
ಹೆಚ್ಚಾದರೆ ಹಿಡಿತ ಸೋರುತ್ತದೆ,
ಕಡಿಮೆಯಾದರೆ ಕಿಡಿ.

ಜಗಳವಾದದ್ದು ನಂಬರ್ ಪ್ಲೇಟಿಗೆ.
ಮೂತಿಯ ಮೇಲಿನ ಆ ತಗಡು ಬಿಚ್ಚಿದರೆ
ಸುತ್ತಿಗೆ ಸೆಕೆಂಡಿನ ಹತ್ತನೇ ಒಂದು ಪಾಲು ಉಳಿತಾಯ.
ಬೇಡ, ಎಂದ ಗಾನಿಮ್, ಕಾರಿನ ಧಣಿ.
ಪ್ಲೇಟು ಇರಲಿ, ವೈಪರ್ ಇರಲಿ, ಇಂಡಿಕೇಟರ್ ಇರಲಿ,
ನಾಳೆ ಇದೇ ಕಾರಲ್ಲಿ ಅಮ್ಮನನ್ನು
ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು.
ಅಂಥ ಕಾರು ಓಡಿದರೆ ಮಾತ್ರ ಅದು ಲೆಕ್ಕಕ್ಕೆ.
ನಗು ಬಂತು. ಆಮೇಲೆ ಬರಲಿಲ್ಲ.
ನಾಲ್ಕೂ ತಿರುಪು ಇನ್ನಷ್ಟು ಬಿಗಿ ಮಾಡಿದೆ.

ಎಂಟೂವರೆಗೆ ಶಮಾಲ್ ಎದ್ದಿತು.
ದೀಪಗಳಡಿ ಮರಳು, ಹಿಟ್ಟು ಜರಡಿ ಹಿಡಿದಂತೆ.
ಡಾಂಟೆ ಟೈರಿನ ಗಾಳಿ ನೋಡಿ ಒಂದಿಷ್ಟು ಇಳಿಸಿದ.
ಮೊದಲ ಸುತ್ತು ಚೆನ್ನಾಗಿತ್ತು. ಎರಡನೆಯದರಲ್ಲಿ,
ವೇಗದ ತಿರುವಿನ ನಡುವೆ,
ರೇಡಿಯೋದಲ್ಲಿ ಗಾನಿಮ್: ಬಾಲ ಹಗುರ, ಬಾಲ ಹಗುರ!

ಬೆನ್ನ ಹಿಂದಿನ ಗಾಳಿ, ಅಂದಳು ಒರ್ನೆಲ್ಲಾ.
ಕಾರು ಓಡುವುದು ಇನ್ನೂರರಲ್ಲಿ,
ರೆಕ್ಕೆಗೆ ಸಿಗುವುದು ನೂರೈವತ್ತೈದರ ಗಾಳಿ.
ಹತ್ತು ಮೂಟೆ ಕೂರಬೇಕಾದಲ್ಲಿ ಆರು.

ನನ್ನ ಅಜ್ಜಯ್ಯ ಶೀನ ಮೊಗವೀರ
ಗಂಗೊಳ್ಳಿಯಿಂದ ಹಂಚು ತುಂಬಿದ ಮಂಜಿಯಲ್ಲಿ
ಇದೇ ಕೊಲ್ಲಿಗೆ ಬಂದು ಹೋದವ.
ಬೆನ್ನಿಗ್ ಗಾಳಿ ಇದ್ರೆ ಮತ್ತೆಂತದೂ ಬ್ಯಾಡ ಮಾರಾಯ,
ಅನ್ನುತ್ತಿದ್ದನಂತೆ, ಹಾಯಿ ಉಬ್ಬಿದ ದಿನ
ಸಮುದ್ರಕ್ಕೆ ಕಾಯಿ ಒಡೆಯುತ್ತಿದ್ದನಂತೆ.
ಅವನ ಮೊಮ್ಮಗ ಇಲ್ಲಿ
ಎದುರುಗಾಳಿ ಬರಲಿ ಎಂದು
ಧೂಳು ತುಂಬಿದ ಕಣ್ಣಲ್ಲಿ ಗಾಳಿಚೀಲ ನೋಡುತ್ತ ನಿಂತಿದ್ದೇನೆ.
ಕೇಳಿದರೆ ಬೈಯುತ್ತಿದ್ದ.

ರೆಕ್ಕೆಯನ್ನು ಎರಡು ಹಲ್ಲು ಎತ್ತರಿಸಿದೆವು.
ನೇರ ದಾರಿಯಲ್ಲಿ ಕಳೆದುಕೊಂಡದ್ದು ಒಂಬತ್ತು ಕಿಲೋಮೀಟರು,
ತಿರುವಿನಲ್ಲಿ ಮರಳಿ ಬಂದದ್ದು ಅದಕ್ಕಿಂತ ತುಸು ಹೆಚ್ಚು.
ಎರಡು ನಿಮಿಷ ಮೂರು ಸೆಕೆಂಡು, ಚಿಲ್ಲರೆ.
ಗಾನಿಮ್ ಹೆಲ್ಮೆಟ್ ತೆಗೆದು ನೀರು ಕೇಳಿದ. ಕೈ ನಡುಗುತ್ತಿತ್ತು.
ಇದಕ್ಕಿಂತ ವೇಗದ ಕಾರುಗಳಿವೆ, ಎಲ್ಲರಿಗೂ ಗೊತ್ತು,
ಆ ಹೊತ್ತಿಗೆ ಯಾರೂ ಹೇಳಲಿಲ್ಲ.

ಹೊರಡುವಾಗ ಗೇಟಿನ ಹತ್ತಿರ ಒಂದು ಹಂಪು.
ಕಾರು ನಿಂತಿತು. ಕೊರ್‍ರೆಂದು ಮೂತಿ ಎತ್ತಿಕೊಂಡು
ಓರೆಯಾಗಿ, ಒಂದೊಂದೇ ಚಕ್ರವಾಗಿ ಹತ್ತಿತು,
ಮಂಡಿನೋವಿನವರು ಬಸ್ಸಿನ ಮೆಟ್ಟಿಲೇರುವಂತೆ.
ಹಿಂದೆ ನೀರಿನ ಟ್ಯಾಂಕರಿನವ ಹಾರ್ನ್ ಹೊಡೆದ.

ರೆಕ್ಕೆಯಲ್ಲಿ ಮೂರು ಎಳೆ ಉಳಿದಿದ್ದವು, ನಾನು ಕೀಳಲು ಮರೆತವು.
ಆ ನಡಿಗೆಯ ವೇಗದಲ್ಲಿ
ಯಾವ ಕಡೆಗೂ ತಿರುಗದೆ
ಸುಮ್ಮನೆ ಜೋತಿದ್ದವು.